ಲೆಕ್ಕದ ಪಕ್ಕದ ಷರಾ

(ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಭಾಷಣ ಮಾಡುವುದು ನನ್ನ ಕಸಬಲ್ಲ. ಬೆಳಗಿನಿಂದ ಸಂಜೆಯವರೆಗೆ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಇನ್ನೊಬ್ಬರ ಹಣ ಎಣಿಸುವುದು ನನ್ನ ಕಸಬು. ಹೀಗಿರಲು ನಮ್ಮ ಕಾರ್ಯದರ್ಶಿಗಳು ಮನೆಗೆ ಬಂದು, "ನೀವು ಬಿ.ಕಾಂ. ಓದಿದವರು, ಅಂಕಿಯ ಮನುಷ್ಯರು. ಮೇಲಾಗಿ ಕ್ರಿಕೆಟ್ಟಿನ ಹುಚ್ಚೂ ಉಂಟು. ಎರಡನ್ನೂ ಸೇರಿಸಿ ಅರ್ಧ ಗಂಟೆ ಮಾತನಾಡಿ" ಎಂದರು. ಗೋರೆಗಾಂವಿನಲ್ಲಿ ಕಾರ್ಯದರ್ಶಿಗಳ ಮಾತನ್ನು ತಳ್ಳಿಹಾಕಿದವರು ಮುಂದಿನ ವರ್ಷ ಊಟದ ಪಂಕ್ತಿಯಲ್ಲಿ ಬಡಿಸಲು ನಿಲ್ಲಬೇಕಾಗುತ್ತದೆಂದು ಕೇಳಿದ್ದೇನೆ. ಆದ್ದರಿಂದ ಒಪ್ಪಿಕೊಂಡೆ.

ಮೊದಲು ನನ್ನ ತಂದೆಯವರ ಒಂದು ಪುಸ್ತಕದ ವಿಷಯ ಹೇಳುತ್ತೇನೆ. ನಾವು ಕುಂದಾಪುರದ ಕಡೆಯವರು. ಅಪ್ಪಯ್ಯ ಹದಿನೇಳನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಮೊದಲು ಹೋಟೆಲಿನ ಲೋಟ ತೊಳೆದು, ಆಮೇಲೆ ಬಡಿಸಿ, ಕೊನೆಗೆ ಗಲ್ಲಾದ ಮೇಲೆ ಕುಳಿತವರು. ಅವರ ಕೈಯಲ್ಲಿ ಉದ್ರಿ ಗಿರಾಕಿಗಳ ಪುಸ್ತಕವೊಂದಿತ್ತು. ಅದರಲ್ಲಿ ಹೆಸರು, ತಾರೀಕು, ಬಾಕಿ ಎಂದು ಮೂರು ಕಾಲಮು. ಅವುಗಳ ಪಕ್ಕದಲ್ಲಿ ಅಗಲವಾದ ನಾಲ್ಕನೆಯ ಕಾಲಮು 'ಷರಾ'. ಬಾಕಿ ನಲವತ್ತು ರೂಪಾಯಿ ಎಂದಿದ್ದರೆ ಷರಾದಲ್ಲಿ 'ಊರಿಗೆ ಹೋಗಿದ್ದಾನೆ, ತಾಯಿಗೆ ಸೌಖ್ಯವಿಲ್ಲ, ಕೇಳಬಾರದು' ಎಂದಿರುತ್ತಿತ್ತು. ಇನ್ನೊಬ್ಬನ ನಲವತ್ತು ರೂಪಾಯಿಗೆ 'ಇಸ್ಪೀಟು. ಈ ಹೊತ್ತೇ ಕೇಳಬೇಕು' ಎಂದಿರುತ್ತಿತ್ತು. ಮೊತ್ತ ಒಂದೇ, ಮನುಷ್ಯರು ಬೇರೆ. "ಲೆಕ್ಕ ಸರಿ ಇದ್ರೆ ಸಾಲ್ದಾ, ಜನ ಯಾರ್ ಅಂಬ್ದೂ ಗೊತ್ತಿರ್ಕ್" ಎಂದು ಅಪ್ಪಯ್ಯ ಹೇಳುತ್ತಿದ್ದರು.

ಕ್ರಿಕೆಟ್ಟಿನ ಅಂಕಿಗಳನ್ನು ನಾನು ಓದುವುದು ಈ ಷರಾ ಕಾಲಮಿಗಾಗಿ. ಯಾರು ಎಷ್ಟು ಓಟ ಹೊಡೆದರು ಎಂಬ ಪಟ್ಟಿ ಎಲ್ಲರಿಗೂ ಗೊತ್ತು. ಆದರೆ ಪಟ್ಟಿಯಲ್ಲಿ ಅಲ್ಲಲ್ಲಿ ಒಂದೊಂದು ವಿಚಿತ್ರ ನಮೂದು ಬರುತ್ತದೆ. ಬ್ಯಾಂಕಿನಲ್ಲಿ ಅಂಥ ನಮೂದು ಕಂಡರೆ ನಾವು ಪೆನ್ಸಿಲಿನಿಂದ ಗುರುತು ಹಾಕಿ, ವೋಚರನ್ನು ತೆಗೆದು ನೋಡುತ್ತೇವೆ. ಕ್ರಿಕೆಟ್ಟಿನಲ್ಲಿಯೂ ಹಾಗೆಯೇ ವೋಚರು ತೆಗೆದು ನೋಡಿದರೆ ಒಳಗಿನಿಂದ ಒಬ್ಬ ಮನುಷ್ಯ ಹೊರಗೆ ಬರುತ್ತಾನೆ.

ಈ ಹವ್ಯಾಸ ನಮ್ಮದು ಮಾತ್ರವಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ದಾಂಡಿನಾಟವಿದೆ. ಅಲ್ಲಿಯ ಜನ ನಮಗಿಂತಲೂ ಹೆಚ್ಚು ಅಂಕಿ ಅಗೆಯುವವರು. ಡಾನ್ ಲಾರ್ಸೆನ್ ಎಂಬ ಎಸೆತಗಾರ ತನ್ನ ಇಡೀ ಆಯುಷ್ಯದಲ್ಲಿ ಗೆದ್ದದ್ದು 81, ಸೋತದ್ದು 91. ಸಾಧಾರಣ ಮನುಷ್ಯನೆಂದು ಪುಟ ಮಗುಚಬಹುದು. ಆದರೆ 1956ರ ಅಕ್ಟೋಬರ್ 8ರಂದು, ಅವರ ಮಹಾಪಂದ್ಯಾವಳಿಯಾದ ವರ್ಲ್ಡ್ ಸೀರೀಸಿನಲ್ಲಿ, ಎದುರಿಗೆ ಬಂದ 27 ಮಂದಿಯಲ್ಲಿ ಒಬ್ಬನನ್ನೂ ಮೊದಲ ಮೂಲೆ ಮುಟ್ಟಲು ಬಿಡದೆ ವಾಪಸು ಕಳಿಸಿದವನು ಅವನೇ. ವರ್ಲ್ಡ್ ಸೀರೀಸಿನಲ್ಲಿ ಅಂಥ ದಿನ ಇನ್ನಾರಿಗೂ ಬಂದಿಲ್ಲ. ಸೋಲು ಹೆಚ್ಚಾದ ಆ ಲೆಕ್ಕದ ಪಕ್ಕದಲ್ಲಿ ಈ ಷರಾ ಇರದಿದ್ದರೆ ಎಷ್ಟು ಅನ್ಯಾಯ!

ಇನ್ನು ನಮ್ಮವರ ಪುಟಗಳಿಗೆ ಬರೋಣ. ಮೊದಲನೆಯವರು ಭಾಗವತ್ ಚಂದ್ರಶೇಖರ್. ಅವರ ಲೆಕ್ಕದಲ್ಲಿ 58 ಟೆಸ್ಟ್, 242 ವಿಕೆಟ್, 167 ಓಟ ಎಂದು ಬರೆದಿದೆ. ಹದಿನೈದು ವರ್ಷ ಆಡಿಯೂ ಉರುಳಿಸಿದ ವಿಕೆಟ್ಟಿಗಿಂತ ಹೊಡೆದ ಓಟ ಕಡಮೆ! ಜಗತ್ತಿನಲ್ಲಿ ಈ ಸಾಲಿನಲ್ಲಿ ನಿಲ್ಲುವವರು ಬಹಳ ಮಂದಿಯಿಲ್ಲ. ನ್ಯೂಜಿಲೆಂಡಿನ ಕ್ರಿಸ್ ಮಾರ್ಟಿನ್ ಒಬ್ಬರು. ಚಂದ್ರಶೇಖರರ ಅತ್ಯಧಿಕ ಗಳಿಕೆಯೇ 22. 1977-78ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಅವರು ಸಂಪಾದಿಸಿದ ಸೊನ್ನೆಗಳನ್ನು ಕಂಡು ನಗುತ್ತ ಅವರಿಗೆ ತೂತು ಕೊರೆದ ಬ್ಯಾಟೊಂದನ್ನು ಉಡುಗೊರೆಯಾಗಿ ಕೊಟ್ಟರು. ಅದೇ ಪ್ರವಾಸದ ಮೆಲ್ಬರ್ನ್ ಟೆಸ್ಟಿನಲ್ಲಿ ಅವರ ಬೌಲಿಂಗ್ ನೋಡಿ: ಮೊದಲ ಇನ್ನಿಂಗ್ಸಿನಲ್ಲಿ 52 ಓಟಕ್ಕೆ 6, ಎರಡನೆಯದರಲ್ಲಿಯೂ 52 ಓಟಕ್ಕೆ 6. ಕಾರ್ಬನ್ ಕಾಗದ ಇಟ್ಟು ಬರೆದಂತೆ! ಭಾರತ 222 ಓಟಗಳಿಂದ ಗೆದ್ದಿತು. ಆಸ್ಟ್ರೇಲಿಯಾದ ನೆಲದಲ್ಲಿ ನಮಗೆ ಅದೇ ಮೊದಲ ಗೆಲುವು.

ಇಷ್ಟಕ್ಕೂ ಅವರು ಚೆಂಡೆಸೆದದ್ದು ಬಾಲ್ಯದಲ್ಲಿ ಪೋಲಿಯೋ ಬಡಿದು ಸಣಕಲಾದ ಬಲಗೈಯಿಂದ. ಫೀಲ್ಡಿಂಗಿನಲ್ಲಿ ಚೆಂಡನ್ನು ಹಿಂದಿರುಗಿಸುವಾಗ ಎಡಗೈ ಬಳಸುತ್ತಿದ್ದರು. ಯಾವ ಕೈ ಬಲಹೀನವೋ ಅದೇ ಕೈ ಸಂಪಾದನೆ ಮಾಡಿತು. ಅವರು ಮೊದಲ ಟೆಸ್ಟ್ ಆಡಿದ್ದು ನಮ್ಮ ಮುಂಬಯಿಯಲ್ಲಿಯೇ, 1964ರಲ್ಲಿ, ಬ್ರೆಬೋರ್ನ್ ಕ್ರೀಡಾಂಗಣದಲ್ಲಿ.

ಎರಡನೆಯವರು ನಮ್ಮ ಕರಾವಳಿಯವರು, ಮುಂಬಯಿಯಲ್ಲಿ ಬೆಳೆದವರು, ಆದ್ದರಿಂದ ಎರಡು ಪಟ್ಟು ನಮ್ಮವರು. ಮುಲ್ಕಿಯಲ್ಲಿ 1939ರಲ್ಲಿ ಹುಟ್ಟಿದ ಬುಧಿ ಕುಂದರನ್. ಸಾಮಾನ್ಯವಾಗಿ ಆಟಗಾರನೊಬ್ಬ ರಣಜಿ ಪಂದ್ಯಗಳಲ್ಲಿ ಬೆವರು ಸುರಿಸಿ, ಆಮೇಲೆ ಟೆಸ್ಟಿಗೆ ಬರುತ್ತಾನೆ. ಕುಂದರನ್ ಅವರ ಲೆಕ್ಕ ತಲೆಕೆಳಗು. ಅವರು 1960ರ ಜನವರಿಯಲ್ಲಿ ಬ್ರೆಬೋರ್ನಿನಲ್ಲಿ ಆಸ್ಟ್ರೇಲಿಯಾದ ಎದುರು ಟೆಸ್ಟ್ ಆಡಿದರು. ರಣಜಿ ಬಂದದ್ದು ಆಮೇಲೆ. ಆ ಮೊದಲ ರಣಜಿ ಪಂದ್ಯದಲ್ಲಿ ರೈಲ್ವೆ ತಂಡದ ಪರವಾಗಿ 205 ಹೊಡೆದರು. ಟೆಸ್ಟಿಗೆ ಆಯ್ಕೆಯಾದಾಗ ಅವರ ಬಳಿ ವಿಕೆಟ್ ಕೀಪರನ ಕೈಚೀಲವೂ ಇರಲಿಲ್ಲ. ನರೇನ್ ತಮ್ಹಾಣೆಯವರಿಂದ ಎರವಲು ತಂದರು. ತಮ್ಹಾಣೆಯವರು ಯಾರು? ಯಾರ ಜಾಗವನ್ನು ಈ ಹುಡುಗ ಪಡೆದನೋ ಅವರೇ! ಟೆಸ್ಟಿನ ಹಿಂದಿನ ರಾತ್ರಿ, ಮನೆಯ ಒಂದೇ ಕೋಣೆಯಲ್ಲಿ ಜಾಗ ಸಾಲದೆ, ಹುಡುಗ ಹತ್ತಿರದ ಉದ್ಯಾನದಲ್ಲಿ ಮಲಗಿದ್ದನಂತೆ. ಒಂದು ಕೋಣೆಯಲ್ಲಿ ಏಳೆಂಟು ಮಂದಿ ಮಲಗಿದ ಅನುಭವ ಈ ಸಭೆಯ ಹಿರಿಯರಿಗೆ ಹೊಸದಲ್ಲ. ಕುಂದರನ್ನರ ಷರಾವನ್ನು ನಾವು ಓದುವುದು ನಮ್ಮದೇ ಮನೆಯ ಪತ್ರದಂತೆ.

1964ರಲ್ಲಿ ಇಂಗ್ಲೆಂಡಿನ ಎದುರು ಮದರಾಸಿನಲ್ಲಿ ಅವರು ಮೊದಲ ದಿನವೇ 170 ಹೊಡೆದು, ಮರುದಿನ 192ಕ್ಕೆ ಔಟಾದರು. ಆ ಸರಣಿಯಲ್ಲಿ ಒಟ್ಟು 525 ಓಟ. ಒಂದು ಟೆಸ್ಟ್ ಸರಣಿಯಲ್ಲಿ ಭಾರತದ ವಿಕೆಟ್ ಕೀಪರನೊಬ್ಬ ಹೊಡೆದ ಅತ್ಯಧಿಕ ಓಟ ಇದೇ. 2025ರಲ್ಲಿ ಇಂಗ್ಲೆಂಡಿನಲ್ಲಿ ರಿಷಭ್ ಪಂತ್ 479ರವರೆಗೆ ಬಂದು ನಿಂತರು. ಅವರ ಕೊನೆಯ ಟೆಸ್ಟ್ ಇನ್ನೂ ವಿಚಿತ್ರ. 1967ರಲ್ಲಿ ಬರ್ಮಿಂಗ್‌ಹ್ಯಾಮಿನ ಎಡ್ಜ್‌ಬಾಸ್ಟನ್ನಿನಲ್ಲಿ ಭಾರತ ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ಎಂಬ ನಾಲ್ವರು ಸ್ಪಿನ್ನರರನ್ನು ಆಡಿಸಿತು. ಹೊಸ ಚೆಂಡು ಹಿಡಿಯಲು ಜನವಿಲ್ಲ. ಮೈಸೂರಿನ ಸುಬ್ರಹ್ಮಣ್ಯರು ಒಂದು ಕಡೆಯಿಂದ, ವಿಕೆಟ್ ಕೀಪರಾದ ಕುಂದರನ್ನರು ಇನ್ನೊಂದು ಕಡೆಯಿಂದ ಬೌಲಿಂಗ್ ಆರಂಭಿಸಿದರು. ನಾಯಕ ಪಟೌಡಿ, "ನೀನು ಯಾವ ಬಗೆಯ ಚೆಂಡು ಹಾಕುತ್ತೀಯೆ?" ಎಂದು ಕೇಳಿದರೆ, ತನಗೂ ತಿಳಿಯದೆಂದು ಕುಂದರನ್ನರು ಉತ್ತರ ಕೊಟ್ಟರಂತೆ. ಮುಲ್ಕಿಯಿಂದ ಮುಂಬಯಿ, ಮುಂಬಯಿಯಿಂದ ರೈಲ್ವೆ, ಕೆಲವು ವರ್ಷ ಮೈಸೂರು, ಆಮೇಲೆ ಸ್ಕಾಟ್ಲೆಂಡ್. 2006ರಲ್ಲಿ ಗ್ಲಾಸ್ಗೋದಲ್ಲಿ ತೀರಿಕೊಂಡರು. ಹೋದ ಕಡೆ ಕೊಟ್ಟ ಕೆಲಸ ಮಾಡಿದವರು. ವಲಸೆ ಬಂದವರ ಗುಣವೇ ಅದಲ್ಲವೆ?

ರಾಜ್ಯೋತ್ಸವದ ಸಂಚಿಕೆಯಾದ್ದರಿಂದ ಒಂದು ರಾಜ್ಯದ ಲೆಕ್ಕವನ್ನೂ ಹೇಳಬೇಕು. ಮೈಸೂರು ಎಂಬ ಹೆಸರಿನಲ್ಲಿ ನಮ್ಮ ತಂಡ ರಣಜಿ ಫೈನಲ್ಲಿಗೆ 1941-42ರಲ್ಲಿ ಬಂದಿತು, ಸೋತಿತು. 1959-60ರಲ್ಲಿ ಮತ್ತೆ ಬಂದಿತು, ಮತ್ತೆ ಸೋತಿತು. ಎರಡು ಸಲವೂ ಸೋಲಿಸಿದ್ದು ಮುಂಬಯಿ. 1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಹೊಸ ಹೆಸರಿನ ಮೊದಲ ಋತುವಿನಲ್ಲಿಯೇ, 1974ರ ಮಾರ್ಚಿನಲ್ಲಿ, ತಂಡ ಸೆಮಿಫೈನಲ್ಲಿನಲ್ಲಿ ಬೆಂಗಳೂರಿಗೆ ಬಂದ ಮುಂಬಯಿಯನ್ನು ಮೊದಲ ಇನ್ನಿಂಗ್ಸಿನ ಲೀಡಿನಿಂದ ಹೊರಗಿಟ್ಟು, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ, ರಣಜಿ ಟ್ರೋಫಿಯನ್ನು ಮೊದಲ ಸಲ ಮನೆಗೆ ತಂದಿತು. ಅದುವರೆಗೆ ಮುಂಬಯಿ ಸತತ ಹದಿನೈದು ವರ್ಷ ಗೆದ್ದಿತ್ತು! ವಿಶ್ವನಾಥರು 162 ಹೊಡೆದರು, ಬ್ರಿಜೇಶ್ ಪಟೇಲರು 106. ಪ್ರಸನ್ನರು ಗಾವಸ್ಕರರ ವಿಕೆಟ್ಟನ್ನು ಉರುಳಿಸಿದರು. ಚೆನ್ನಾಗಿ ಆಡುತ್ತಿದ್ದ ವಾಡೇಕರರು ಕಾಲು ಜಾರಿ ರನೌಟಾದರು. ಆ ದಿನ ಮುಂಬಯಿಯ ಕನ್ನಡ ಹೋಟೆಲುಗಳಲ್ಲಿ ದೊಡ್ಡ ಸಂಕಟವಂತೆ. ಅನ್ನ ಕೊಡುವ ಊರು ಸೋತಿದೆ, ಹೆತ್ತ ಊರು ಗೆದ್ದಿದೆ. ಗಿರಾಕಿಗಳ ಮುಂದೆ ಮುಖ ಗಂಭೀರ, ಅಡಿಗೆಮನೆಯಲ್ಲಿ ಎಲ್ಲರಿಗೂ ಶಿರ. ಅಪ್ಪಯ್ಯ ಹಿರಿಯರಿಂದ ಕೇಳಿ ಈ ಕಥೆಯನ್ನು ನನಗೆ ಹೇಳಿದ್ದರು.

ಗುಂಡಪ್ಪ ವಿಶ್ವನಾಥರ ಹೆಸರು ಬಂದ ಮೇಲೆ ಒಂದು ನಮೂದು ಬಿಡಬಾರದು. 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟಿನಲ್ಲಿ ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಅವರು ಒಟ್ಟು ಹದಿನಾಲ್ಕು ಟೆಸ್ಟ್ ಶತಕ ಹೊಡೆದರು. ಹದಿನಾಲ್ಕರಲ್ಲಿ ಒಂದು ಪಂದ್ಯವನ್ನೂ ಭಾರತ ಸೋಲಲಿಲ್ಲ. ಬೇರೆಯವರ ಶತಕಗಳ ಸಂಖ್ಯೆ ದೊಡ್ಡದಿರಬಹುದು. ವಿಶ್ವನಾಥರ ಶತಕದ ಪಕ್ಕದ ಷರಾ 'ಜಾಮೀನು ಉಂಟು' ಎನ್ನುತ್ತದೆ.

ಈಗ 1999ರ ಫೆಬ್ರುವರಿ 7. ಆ ದಿನ ಭಾನುವಾರ. ನಮ್ಮ ಚಾಳಿನಲ್ಲಿ ಟಿ.ವಿ. ಇದ್ದ ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನಕ್ಕೆ ಗೆಲ್ಲಲು 420 ಬೇಕು. ವಿಕೆಟ್ ಬೀಳದೆ 101 ಆಗಿತ್ತು. ಊಟದ ಮೇಲೆ ಅನಿಲ್ ಕುಂಬ್ಳೆಯವರು ತುದಿ ಬದಲಿಸಿ ಬಂದರು. 207ಕ್ಕೆ ಎಲ್ಲರೂ ಔಟು, ಹತ್ತೂ ವಿಕೆಟ್ ಕುಂಬ್ಳೆಯವರಿಗೆ, ಕೊಟ್ಟದ್ದು 74 ಓಟ. 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ 53 ಓಟಕ್ಕೆ ಹತ್ತು ತೆಗೆದ ಮೇಲೆ ಟೆಸ್ಟಿನಲ್ಲಿ ಅದೇ ಎರಡನೆಯದು. ಆದರೆ ನಾನು ಗುರುತು ಹಾಕಿದ್ದು ಕುಂಬ್ಳೆಯವರ ಸಾಲಿಗಲ್ಲ, ಜಾವಗಲ್ ಶ್ರೀನಾಥರ ಸಾಲಿಗೆ. ಒಂಬತ್ತು ಬಿದ್ದ ಮೇಲೆ ಇನ್ನೊಂದು ತುದಿಯಿಂದ ಚೆಂಡು ಹಾಕಬೇಕಾದವರು ಅವರು. ಗೆಳೆಯನಿಗೆ ಹತ್ತನೆಯದು ಸಿಗಲೆಂದು ವಿಕೆಟ್ಟಿನಿಂದ ದೂರ ದೂರ ಹಾಕಿದರು, ವೈಡುಗಳೂ ಬಿದ್ದವು. ಲೆಕ್ಕದಲ್ಲಿ ಅದು ನಷ್ಟ. ಷರಾದಲ್ಲಿ ಅದು ಸ್ನೇಹ.

ಮೂರನೆಯ ಸಲ ಇದು ನಡೆದದ್ದು ಇಲ್ಲಿಯೇ, 2021ರ ಡಿಸೆಂಬರಿನಲ್ಲಿ ವಾಂಖೆಡೆಯಲ್ಲಿ. ನ್ಯೂಜಿಲೆಂಡಿನ ಏಜಾಜ್ ಪಟೇಲ್ 119 ಓಟಕ್ಕೆ ಭಾರತದ ಹತ್ತೂ ವಿಕೆಟ್ ತೆಗೆದರು. ಈ ಏಜಾಜರು ಮುಂಬಯಿಯಲ್ಲಿ ಹುಟ್ಟಿ, ಎಂಟು ವರ್ಷದ ಹುಡುಗನಾಗಿ ತಂದೆತಾಯಿಯರೊಂದಿಗೆ ದೇಶ ಬಿಟ್ಟವರು. ಅವರ ಕುಟುಂಬವಿದ್ದದ್ದು ನಮ್ಮ ಪಕ್ಕದ ಜೋಗೇಶ್ವರಿಯಲ್ಲಿ. ಅವರ ತಂಡ ಮಾತ್ರ ಮೊದಲ ಇನ್ನಿಂಗ್ಸಿನಲ್ಲಿ 62ಕ್ಕೆ ಕುಸಿದು, 372 ಓಟಗಳಿಂದ ಸೋತಿತು. ಹತ್ತು ವಿಕೆಟ್ ತೆಗೆದ ಮೂವರಲ್ಲಿ ಸೋತವರು ಅವರೊಬ್ಬರೇ. 2024ರ ನವೆಂಬರಿನಲ್ಲಿ ಅವರು ಅದೇ ವಾಂಖೆಡೆಗೆ ಮರಳಿ, ಹನ್ನೊಂದು ವಿಕೆಟ್ ತೆಗೆದು, ತಂಡವನ್ನು 25 ಓಟಗಳಿಂದ ಗೆಲ್ಲಿಸಿ ಬಾಕಿ ತೀರಿಸಿಕೊಂಡರು. 2021ರ ಪಂದ್ಯದ ಮ್ಯಾಚ್ ರೆಫರಿ ಯಾರೆಂದುಕೊಂಡಿರಿ? ಅದೇ ಶ್ರೀನಾಥರು! ಭಾರತದ ಕೋಚ್ ರಾಹುಲ್ ದ್ರಾವಿಡರು. ಕೋಟ್ಲಾದಲ್ಲಿ ಅವರೂ ಆಡಿದ್ದರು. ಜೋಗೇಶ್ವರಿಯ ಹುಡುಗನ ಸಾಧನೆಗೆ ಇಬ್ಬರು ಕನ್ನಡಿಗರು ಸಾಕ್ಷಿದಾರರಾಗಿ ರುಜು ಹಾಕಿದಂತಾಯಿತು.

ದ್ರಾವಿಡ್ ಎಂದರೆ ಬ್ಯಾಟಿಂಗ್. ಟೆಸ್ಟಿನಲ್ಲಿ ಅವರಷ್ಟು ಚೆಂಡುಗಳನ್ನು ಎದುರಿಸಿದವರಿಲ್ಲ, 31,258. ಆದರೆ ಅವರ ಹೆಸರಿನಲ್ಲಿ ಒಂದು ಟೆಸ್ಟ್ ವಿಕೆಟ್ಟೂ ಉಂಟು. 2002ರಲ್ಲಿ ಆಂಟಿಗುವಾದಲ್ಲಿ ವೆಸ್ಟ್ ಇಂಡೀಸ್ 629 ಹೊಡೆದಾಗ ಭಾರತದ ಹನ್ನೊಂದು ಮಂದಿಯೂ, ವಿಕೆಟ್ ಕೀಪರ್ ಅಜಯ್ ರಾತ್ರಾ ಸಹಿತ, ಬೌಲಿಂಗ್ ಮಾಡಿದರು. ಟೆಸ್ಟ್ ಚರಿತ್ರೆಯಲ್ಲಿ ಅದು ಮೂರನೆಯ ಸಲ. ದ್ರಾವಿಡರು ರಿಡ್ಲಿ ಜೇಕಬ್ಸರನ್ನು ಔಟು ಮಾಡಿದರು. ಇದು ನಗುವ ನಮೂದು. ಅದೇ ಇನ್ನಿಂಗ್ಸಿನ ಇನ್ನೊಂದು ನಮೂದಿಗೆ ನಗು ಬಾರದು. ಬ್ಯಾಟಿಂಗಿನಲ್ಲಿ ಚೆಂಡು ಬಡಿದು ಕುಂಬ್ಳೆಯವರ ದವಡೆ ಮುರಿದಿತ್ತು. ತಲೆಗೆ ಪಟ್ಟಿ ಬಿಗಿದುಕೊಂಡು ಬಂದು 14 ಓವರು ಹಾಕಿ, ಬ್ರಯನ್ ಲಾರಾರ ವಿಕೆಟ್ ತೆಗೆದರು. ಲೆಕ್ಕದ ಪುಸ್ತಕದಲ್ಲಿ ಅದು ಒಂದೇ ಒಂದು ವಿಕೆಟ್.

ಅದೇ ಕುಂಬ್ಳೆಯವರು 118ನೆಯ ಟೆಸ್ಟಿನಲ್ಲಿ, 2007ರಲ್ಲಿ ಓವಲ್ಲಿನಲ್ಲಿ, ತಮ್ಮ ಮೊದಲನೆಯ ಹಾಗೂ ಕೊನೆಯ ಶತಕ ಹೊಡೆದರು: ಔಟಾಗದೆ 110. ತೆಂಡೂಲ್ಕರ್, ದ್ರಾವಿಡ್, ಗಂಗೂಲಿ, ಲಕ್ಷ್ಮಣ್ ಇದ್ದ ಆ ಸರಣಿಯಲ್ಲಿ ಭಾರತದ ಪರವಾಗಿ ಶತಕ ಹೊಡೆದವರು ಅವರೊಬ್ಬರೇ. ತಡವಾಯಿತೆಂದು ಹತಾಶರಾಗುವವರಿಗೆ ಈ ಲೆಕ್ಕ ತೋರಿಸಬಹುದು.

ಉತ್ತರ ಕರ್ನಾಟಕದ ಬಂಧುಗಳು ನನ್ನನ್ನು ನೋಡುತ್ತಿದ್ದಾರೆ. ಗದಗಿನ ಸುನೀಲ್ ಜೋಶಿಯವರನ್ನು ಮರೆಯುವುದುಂಟೆ? 1999ರಲ್ಲಿ ನೈರೋಬಿಯ ಒಂದು ದಿನದ ಪಂದ್ಯದಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರು, 6 ಮೇಡನ್, 6 ಓಟ, 5 ವಿಕೆಟ್. ಟೆಲಿಫೋನ್ ನಂಬರಿನಂತೆ ಬಾಯಿಪಾಠ ಮಾಡಬಹುದು.

ಹೆಣ್ಣುಮಕ್ಕಳ ಪುಟವನ್ನೂ ತೆರೆಯಬೇಕು. ಕರ್ನಾಟಕದ ಪರವಾಗಿ ಆಡಿದ ಶಾಂತಾ ರಂಗಸ್ವಾಮಿಯವರು 1976ರಲ್ಲಿ ಬೆಂಗಳೂರಿನಲ್ಲಿ ಭಾರತದ ಮಹಿಳೆಯರ ಮೊದಲ ಟೆಸ್ಟಿಗೆ ನಾಯಕಿ. 1977ರಲ್ಲಿ ಡ್ಯುನೆಡಿನ್ನಿನಲ್ಲಿ 108 ಹೊಡೆದು ಭಾರತದ ಮಹಿಳೆಯರ ಮೊದಲ ಟೆಸ್ಟ್ ಶತಕ ಬರೆದವರು. ಆದರೆ 1976ರಿಂದ 1991ರವರೆಗೆ, ಹದಿನೈದು ವರ್ಷಗಳಲ್ಲಿ, ಅವರಿಗೆ ಸಿಕ್ಕಿದ ಟೆಸ್ಟುಗಳು 16. ಸಂಖ್ಯೆ ಚಿಕ್ಕದು, ಏಕೆಂದರೆ ಪಂದ್ಯಗಳನ್ನೇ ಏರ್ಪಡಿಸಲಿಲ್ಲ. ಜಮೆಯಾಗದ ಹಣಕ್ಕೆ ಬಡ್ಡಿ ಹೇಗೆ ಹುಟ್ಟೀತು?

ಕೊನೆಯದಾಗಿ ಕರುಣ್ ನಾಯರ್. ಬೆಂಗಳೂರಿನಲ್ಲಿ ಬೆಳೆದ ಈ ಆಟಗಾರ 2015ರ ಮಾರ್ಚಿನಲ್ಲಿ ವಾಂಖೆಡೆಯಲ್ಲಿ ತಮಿಳುನಾಡಿನ ಎದುರು ರಣಜಿ ಫೈನಲ್ಲಿನಲ್ಲಿ 328 ಹೊಡೆದರು. ಫೈನಲ್ಲಿನಲ್ಲಿ ಅಷ್ಟು ಹೊಡೆದವರು ಅದುವರೆಗೆ ಇರಲಿಲ್ಲ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ಎದುರು ತಮ್ಮ ಮೂರನೆಯ ಟೆಸ್ಟ್ ಇನ್ನಿಂಗ್ಸಿನಲ್ಲಿಯೇ ಔಟಾಗದೆ 303. ಅದೇ ಇನ್ನಿಂಗ್ಸಿನಲ್ಲಿ ಮಂಗಳೂರಿನ ಕಡೆಯ ಕೆ.ಎಲ್. ರಾಹುಲ್ 199ಕ್ಕೆ ಔಟಾದರು. ಒಬ್ಬರಿಗೆ ಒಂದು ಓಟ ಕಡಮೆ, ಇನ್ನೊಬ್ಬರಿಗೆ ಮೂರು ಹೆಚ್ಚು! ಆದರೆ ಷರಾ ಓದಿ. ಭಾರತದ ಮುಂದಿನ ಟೆಸ್ಟಿನಲ್ಲಿ ಕರುಣರಿಗೆ ಜಾಗವಿರಲಿಲ್ಲ. 2017ರಲ್ಲಿ ಮೂರು ಟೆಸ್ಟ್ ಆಡಿ ಹೊರಗೆ ಹೋದವರು ಮತ್ತೆ ಟೆಸ್ಟಿಗೆ ಬಂದದ್ದು 2025ರ ಜೂನಿನಲ್ಲಿ. ಆ ಎಂಟು ವರ್ಷ ಅವರು ಸುಮ್ಮನಿರಲಿಲ್ಲ. ಕರ್ನಾಟಕದ ತಂಡದಲ್ಲಿಯೂ ಜಾಗ ಹೋದ ಮೇಲೆ ವಿದರ್ಭಕ್ಕೆ ಹೋಗಿ ಆಡಿದರು. ಊರಿನಲ್ಲಿ ಕೆಲಸವಿಲ್ಲದಿದ್ದರೆ ಗಂಟು ಕಟ್ಟಿ ಬೇರೆ ಊರಿಗೆ ಹೋಗಬೇಕೆಂಬುದನ್ನು ನಮಗಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ನನ್ನ ಮನೆಯ ಲೆಕ್ಕವೊಂದನ್ನು ಒಪ್ಪಿಸಿ ಮುಗಿಸುತ್ತೇನೆ. ನನ್ನ ಮಗಳು ಐದನೆಯ ತರಗತಿ. ಹೋದ ಪರೀಕ್ಷೆಯಲ್ಲಿ ಗಣಿತದಲ್ಲಿ ನೂರಕ್ಕೆ 41 ತಂದಳು. ಲೆಕ್ಕದವನ ಮಗಳಿಗೆ 41! ನಾನು ಸಿಟ್ಟಿನಿಂದ ಕೂಗಾಡಿದೆ. ಅವಳು ಅತ್ತು ಮುಗಿದ ಮೇಲೆ ಮೆಲ್ಲಗೆ, "ಪಪ್ಪಾ, ಚಂದ್ರಶೇಖರ್ ಬ್ಯಾಟಿಂಗಿನಲ್ಲಿ ಪಾಸಾಗಿದ್ದರಾ?" ಎಂದಳು. ಮನೆಯಲ್ಲಿ ದಿನವೂ ನಾನು ಹೇಳುತ್ತಿದ್ದ ಕಥೆ ನನಗೇ ತಿರುಗಿ ಬಂತು. ಆಗ ಉತ್ತರಪತ್ರಿಕೆಯನ್ನು ಕೇಳಿ ನೋಡಿದೆ. ಮೊದಲ ಎರಡು ಪುಟ ಪೂರ್ತಿ ಸರಿ. ಉಳಿದ ಪುಟ ಖಾಲಿ. ಪರೀಕ್ಷೆಯ ದಿನ ಅವಳಿಗೆ ಜ್ವರವಿತ್ತು. ಬೆಳಗ್ಗೆ ಹೇಳಿದ್ದಳಂತೆ, ಲೋಕಲ್ ಟ್ರೇನು ತಪ್ಪೀತೆಂಬ ಅವಸರದಲ್ಲಿ ನಾನು ಕೇಳಿಸಿಕೊಂಡಿರಲಿಲ್ಲ. ಉದ್ರಿ ಗಿರಾಕಿಯ ತಾಯಿಯ ಕಾಯಿಲೆಯನ್ನು ಬರೆದಿಟ್ಟುಕೊಂಡ ಅಪ್ಪಯ್ಯನ ಮಗ ನಾನು. ಸ್ವಂತ ಮಗಳ ಜ್ವರವನ್ನು ಓದಲಿಲ್ಲ.

ಆ ರಾತ್ರಿಯಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಮಾಡಿದ್ದೇವೆ. ಅವಳಿಗೆ ಸಂಖ್ಯೆಗಳು ಇಂಗ್ಲಿಷಿನಲ್ಲಿ ಗೊತ್ತು, ಮರಾಠಿಯಲ್ಲಿ ಗೊತ್ತು. ಕನ್ನಡದಲ್ಲಿ ಇಪ್ಪತ್ತು ದಾಟುತ್ತಿರಲಿಲ್ಲ. ಈಗ ಭಾನುವಾರ ಸಂಜೆ ಅಪ್ಪಯ್ಯನ ಹಳೆಯ ಪುಸ್ತಕದ ಉಳಿದ ಹಾಳೆಗಳಲ್ಲಿ ಅವಳು ಆಟಗಾರರ ಲೆಕ್ಕ ಬರೆಯುತ್ತಾಳೆ, ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತಾಳೆ: ನೂರ ಅರವತ್ತೇಳು, ಇನ್ನೂರ ನಲವತ್ತೆರಡು, ಐನೂರ ಇಪ್ಪತ್ತೈದು. ಪಕ್ಕದ ಕಾಲಮಿನಲ್ಲಿ ತನ್ನದೇ ಷರಾ ಹಾಕುತ್ತಾಳೆ. ಕುಂದರನ್ನರ ಹೆಸರಿನ ಮುಂದೆ ಅವಳು ಬರೆದದ್ದು 'ತೋಟದಲ್ಲಿ ಮಲಗಿದ್ದರು' ಎಂದು. ಕಾಗುಣಿತ ಒಂದೆರಡು ತಪ್ಪಿತ್ತು. ನಾನು ತಿದ್ದಲಿಲ್ಲ.

ನಿಮ್ಮ ಮನೆಗಳಲ್ಲಿಯೂ ಮಕ್ಕಳಿದ್ದಾರೆ, ಅಂಕಪಟ್ಟಿಗಳಿವೆ. ಈ ಊರಿಗೆ ಮೊದಲು ಬಂದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ; ಅವರ ಷರಾಗಳನ್ನು ಯಾರೂ ಬರೆದುಕೊಂಡಿಲ್ಲ. ಈ ನವೆಂಬರಿನಲ್ಲಿ ಪ್ರತಿಯೊಂದು ಮನೆಯೂ ಒಂದು ನೋಟುಪುಸ್ತಕ ಕೊಂಡು, ಅಜ್ಜನೋ ಅಜ್ಜಿಯೋ ಹೇಳಿದ್ದನ್ನು ಮಕ್ಕಳ ಕೈಯಿಂದ ಕನ್ನಡದಲ್ಲಿ ಬರೆಯಿಸಲಿ ಎಂಬುದು ನನ್ನ ಬಿನ್ನಹ. ಯಾವ ವರ್ಷ ಬಂದಿರಿ, ಎಷ್ಟು ಸಂಬಳ, ಬಾಡಿಗೆ ಎಷ್ಟು ಎಂಬ ಅಂಕಿಗಳೆಲ್ಲ ಇರಲಿ. ಪಕ್ಕದ ಕಾಲಮನ್ನು ಮಾತ್ರ ಅಗಲವಾಗಿ ಬಿಡಿ.